ಕಡಗೋಲಿಗೆ ಸಿಕ್ಕ ಬಂದೂಕು

ಬಂದೂಕಿನ ನಳಿಗೆ ಸಿಡಿದು ಮಾವನವರ ಮೀಸೆ ಸುಡಬಹುದಿತ್ತು. ಮರೆತ ಗುಂಡಿನ ತೋಟಾ ಒಳಗೇ ಉಳಿದು ಮನೆಯ ತೊಲೆ ತೂತಾಗಬಹುದಿತ್ತು. ಸಾಣೆಪುಡಿ ಹೆಚ್ಚಾಗಿ, ತೋಟಾ ಕೂರುವ ಗೂಡು ಜೋಳದ ಹಗೇವಿನಷ್ಟು ಅಗಲವಾಗಬಹುದಿತ್ತು. ಬಟ್ಟೆ ಸುತ್ತಿದ ಕೋಲು ಒಳಗೇ ಮುರಿಯಬಹುದಿತ್ತು. ಯಾರೋ ಚಾಡಿ ಹೇಳಿ ಫೌಜದಾರರು ಬರಬಹುದಿತ್ತು. ಲೈಸೆನ್ಸು ಮಾವನವರದು, ಕೈ ನನ್ನದು, ಹಾಗಾಗಿ ಕೋಳವೂ ನನಗೇ. ಆದರೆ ದಸರೆಗೆಂದು ಬಿಜಾಪುರದಿಂದ ಟಿಕೋಟಾಕ್ಕೆ ಹೆಂಡತಿಯೊಡನೆ ಚಕ್ಕಡಿ ಹತ್ತಿದಾಗ ಇದಾವುದೂ ನನ್ನ ತಲೆಯಲ್ಲಿರಲಿಲ್ಲ. ತೊರವಿ ದಾಟುವಾಗ ಎತ್ತು ಬೆದರಿದರೇನು ಗತಿ ಎಂಬ ಚಿಂತೆಗೇ ಹೊತ್ತು ಸಾಲದಾಗಿತ್ತು.

ಮಾವನವರ ಮನೆಯಲ್ಲಿ ಅವರ ಅಜ್ಜನ ಕಾಲದ ರೈಫಲ್ ಇತ್ತು. ಬನ್ನಿ ಮುಡಿಯುವ ಸಂಜೆ ಅದು ಎರಡು ಸಲ ಢಂ ಎನ್ನಬೇಕು. ಎರಡನೆಯದು ಕೇಳಿದ ಮೇಲೆಯೇ ಓಣಿಯವರು ಬನ್ನಿ ಕೊಟ್ಟು ತೆಗೆದುಕೊಳ್ಳುವುದು. ಹಿಂದಿನ ವರ್ಷ ಮೊದಲ ಗುಂಡು ಹಾರಿದ ಮೇಲೆ ತೋಟಾದ ಖಾಲಿ ಕೊಳವೆ ಒಳಗೇ ಕಚ್ಚಿಕೊಂಡಿತ್ತು. ಮಾವನವರು ಬಗ್ಗಿ ಕೆದಕುತ್ತಿರುವಾಗಲೇ ಬಬಲೇಶ್ವರದಿಂದ ಬಂದಿದ್ದ ಅವರ ಅಣ್ಣನ ಮಗ ತನ್ನ ಹೊಸ ಬಂದೂಕು ಎತ್ತಿ ಎರಡನೆಯದನ್ನು ಹಾರಿಸಿಬಿಟ್ಟ.

"ಕಾಕಾ, ನಿಮ್ಮ ಮುದುಕಿ ಹಲ್ಲ ಕಚ್ಚಿ ಕುಂತಾಳ. ಬರೂ ವರ್ಷ ಎರಡೂ ನಮ್ಮದರಿಂದನ ಆಗ್ಲಿ!"

ಆ ಮಾತು ಮಾವನವರ ಗಂಟಲಲ್ಲಿ ವರ್ಷವಿಡೀ ಉಳಿದಿತ್ತು. ಮೇಲೆ ಯುದ್ಧದ ಕಾಲ, ತೋಟಾ ಸಿಗುತ್ತಿರಲಿಲ್ಲ. ಮನೆಯಲ್ಲಿದ್ದುದು ಎರಡೇ. ಮೊದಲೇ ಒಂದನ್ನು ಹಾರಿಸಿ ನೋಡುವ ಮಾತಿಲ್ಲ.

"ನಮ್ಮವರು ಹೊಲಿಗಿ ಮಷೀನ ರಿಪೇರಿ ಮಾಡ್ಯಾರ. ಇದೇನ್ ಮಹಾ?" ಎಂದಳು ನನ್ನ ಹೆಂಡತಿ. ಮಷೀನಿಗೆ ನಾನು ಎಣ್ಣೆ ಬಿಟ್ಟದ್ದಷ್ಟೇ ನಿಜ. ಆದರೆ ಮಾವನವರ ಮುಖ ನೋಡಿ ಅದನ್ನು ಬಾಯಿಬಿಡಲಿಲ್ಲ.

ಬಂದೂಕಿನ ಹಿಂದಿನ ಕದ ಬಿಚ್ಚಿ ನೋಡಿದರೆ ಗೂಡಿನ ಒಳಮೈ ತುಕ್ಕು ತಿಂದು, ಹೊಸದಾಗಿ ಕಟೆದ ಒರಳಿನಂತೆ ತರಿತರಿಯಾಗಿತ್ತು. ಕೊಳವೆ ಕಚ್ಚುತ್ತಿದ್ದುದು ಅದಕ್ಕೇ. ಸಾಣೆಪುಡಿಯಿಂದ ನುಣುಪು ಮಾಡಬೇಕು, ಆದರೆ ಸುತ್ತಲೂ ಸಮನಾಗಿ. ಕೈಯಿಂದ ತಿಕ್ಕಿದರೆ ಒಂದೇ ಬದಿ ಸವೆಯುತ್ತದೆ. ನಾನು ಪೇಚಾಡುತ್ತಿದ್ದಾಗ ಹೆಂಡತಿಯ ಕಣ್ಣು ಪಡಸಾಲೆಯ ಕಂಬಕ್ಕೆ ಹೋಯಿತು. ಅಲ್ಲಿ ಮಜ್ಜಿಗೆ ಕಡೆಯುವ ಕಡಗೋಲು ಹಗ್ಗದ ಸಮೇತ ನಿಂತಿತ್ತು.

ಕಡಗೋಲಿನ ತುದಿಗೆ ಬಟ್ಟೆ ಸುತ್ತಿದ ಕೋಲು ಕಟ್ಟಿದೆವು. ಗಡಿಗೆ ಇರುವ ಜಾಗದಲ್ಲಿ ಬಂದೂಕು ತಲೆಕೆಳಗಾಗಿ ನಿಂತಿತು.

"ಯಪ್ಪಾ, ನೀ ಗಟ್ಟ್ಯಾಗಿ ಹಿಡಿ. ನೀವು ಎಣ್ಣಿ ಬಿಡ್ರಿ. ಹಗ್ಗ ನಾ ಜಗ್ಗತೇನಿ," ಎಂದಳು ಹೆಂಡತಿ.

"ಬೆಣ್ಣಿ ಬಂತಂದ್ರ ಹೇಳ ಬೇ," ಎಂದರು ಮಾವನವರು.

ಕುಸುಬಿ ಎಣ್ಣೆಯಲ್ಲಿ ಕಲಸಿದ ಪುಡಿ ಹಚ್ಚುವುದು, ಕಡೆಯುವುದು, ದೀಪದ ಚಿಮಣಿ ಎಣ್ಣೆಯಿಂದ ತೊಳೆಯುವುದು. "ಸಾವಕಾಶ, ಸಾವಕಾಶ!" ಎಂದು ನಾನು ಎಡೆಬಿಡದೆ ಅರಚುತ್ತಿದ್ದೆ.

"ಇಷ್ಟ ಅಂಜೂ ಮನಶ್ಯಾ ಮದವಿ ಹೆಂಗ ಆದ್ರೀ?"

"ಅಂಜಿಕೋತನ ಆದೆ."

ಕೊನೆಗೆ ಹಳೆಯ ಖಾಲಿ ಕೊಳವೆ ತುರುಕಿ ಬಂದೂಕು ಓರೆ ಮಾಡಿದರೆ ಅದು ಜಾರಿ ನನ್ನ ಅಂಗೈಗೇ ಬಿತ್ತು. ನಂಬಿಕೆ ಬರಲೊಲ್ಲದು, ಮತ್ತೆ ತುರುಕಿದೆ, ಮತ್ತೆ ಬಿತ್ತು. ಮಾವನವರು ಬಂದೂಕು ಕಸಿದುಕೊಳ್ಳುವವರೆಗೂ ಇದೇ ಆಟ. ಕಡಗೋಲನ್ನು ಹುಣಸೆಹಣ್ಣು, ಬೂದಿ ಹಚ್ಚಿ ನಾನೇ ತಿಕ್ಕಿ ತೊಳೆದು, ಮೂಸಿ ನೋಡಿ, ಹಗ್ಗ ಸುತ್ತಿ ಕಂಬಕ್ಕೆ ಹಚ್ಚಿದೆ.

ಬನ್ನಿಯ ಸಂಜೆ ಮೊದಲ ಗುಂಡು ಹಾರಿತು. ನಾನು ಕಣ್ಣು ಮುಚ್ಚಿದೆ. ಕಲ್ಲುಹಾಸಿನ ಮೇಲೆ ಟಣ್ ಎಂದು ಕೊಳವೆ ಬಿದ್ದ ಸದ್ದು ಕೇಳಿತು. ಕಣ್ಣು ತೆರೆಯುವ ಮೊದಲೇ ಎರಡನೆಯದೂ ಢಂ ಎಂದಿತು. ಓಣಿಯೆಲ್ಲ ಹೋ ಎಂದಿತು. ಮಾವನವರು ಮೊದಲ ಬನ್ನಿಯನ್ನು ಬಬಲೇಶ್ವರದವನ ಕೈಗೇ ಇಟ್ಟರು.

ರಾತ್ರಿ ಊಟದ ಪಂಕ್ತಿಯಲ್ಲಿ ಅವನು ಮಜ್ಜಿಗೆ ಒಂದು ಗುಟುಕು ಕುಡಿದು ತಡೆದ.

"ಕಾಕಾ, ಮಜ್ಜಿಗಿಗೆ ಚಿಮಣಿ ಎಣ್ಣಿ ಒಗ್ಗರಣಿ ಕೊಟ್ಟೀರೇನ್ರಿ?"

ಮಾವನವರು ತಮ್ಮ ಲೋಟ ಒಂದೇ ಉಸಿರಿಗೆ ಬರಿದು ಮಾಡಿ ಮೀಸೆ ಒರೆಸಿಕೊಂಡರು. "ಮುದುಕಿ ಹಲ್ಲ ಬಿಟ್ಟಿದ್ದು ಇದನ್ನ ಕುಡದ. ನೀನೂ ಕುಡಿಯೋ."

ನಾನು ತಲೆ ತಗ್ಗಿಸಿ ಅನ್ನ ಕಲಸಿದೆ. ಕಡಗೋಲಿನ ಹಗ್ಗ ತೊಳೆಯುವುದು ಮರೆತಿತ್ತು.