ಕೆಂಪು ತಂತಿ ಕಿತ್ತಿಡುವ ಅಕ್ಕ

"ಯಾರು ಸಿಕ್ಕಿಸಿದ್ರು ಇದನ್ನ?"

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಿಟಕಿ ಪಕ್ಕದ ಮೇಜಿನ ಮೇಲೆ ಮೊಳದುದ್ದದ ರಿಮೋಟ್ ಟ್ರಕ್ಕೊಂದು ಮೇಲಿನ ಹೊದಿಕೆ ಕಳಚಿಕೊಂಡು ಕೂತಿದೆ. ಪ್ರಶ್ನೆ ಕೇಳಿದ್ದು ಗೋಡೆಗೋ, ಗಾಳಿಗೋ, ಕೈಯಲ್ಲಿರುವ ಇಕ್ಕಳಕ್ಕೋ, ಅಕ್ಕನಿಗೇ ತಿಳಿಯದು. ಇಕ್ಕಳದ ತುದಿಯಲ್ಲಿ ಒಂದು ಪ್ಲಗ್ಗು, ಪ್ಲಗ್ಗಿನಲ್ಲಿ ಮೂರು ತಂತಿ. ಇರಬೇಕಾದದ್ದು ಎರಡೇ. ನಡುವಿನ ಕೆಂಪು ತಂತಿಯನ್ನು ಅವರೇ ಕಿತ್ತು, ತುದಿಗೆ ಟೇಪು ಸುತ್ತಿ, ಹಿಂದಕ್ಕೆ ಮಡಿಸಿ ಬಿಟ್ಟಿದ್ದರು. ಅದೀಗ ತವರಿಗೆ ಬಂದ ಮಗಳಂತೆ ತನ್ನ ಹಳೆಯ ಜಾಗದಲ್ಲಿ ನೆಮ್ಮದಿಯಾಗಿ ಕೂತಿದೆ.

ಈ ಬೀದಿಗೆಲ್ಲ ಅವರು 'ಬೆಸುಗೆ ಅಕ್ಕ'. ಬೀದಿ ಮುಗಿಯುವಲ್ಲಿ ಅವರ ಅಣ್ಣ ನಡೆಸುವ ಮಣ್ಣಿನ ಮೈದಾನವಿದೆ. ಮಕ್ಕಳು ಅಲ್ಲಿ ರಿಮೋಟ್ ಹಿಡಿದು ಟ್ರಕ್ಕು ಓಡಿಸುತ್ತಾರೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ. ತಿರುವಿನಲ್ಲಿ ಟ್ರಕ್ಕು ಮಾತು ಕೇಳಿ ಹೊರಳುವಂತೆ ಮಾಡಿದ ಕೈ ಮಾತ್ರ ಈ ಕಿಟಕಿಯಾಚೆ ಕಂಡದ್ದಿಲ್ಲ.

ಟ್ರಕ್ಕಿನ ಮುಂದಿನ ಚಕ್ರಗಳನ್ನು ಹೊರಳಿಸುವುದು ಸರ್ವೋ ಎಂಬ ಬೆಂಕಿಪೊಟ್ಟಣದಷ್ಟಿರುವ ಮೋಟಾರು. ರಿಮೋಟಿನ ಮಾತು ಕೇಳಿಸಿಕೊಳ್ಳುವುದು ರಿಸೀವರು. ಎರಡಕ್ಕೂ ವಿದ್ಯುತ್ತು ಬರುವುದು ವೇಗ ನಿಯಂತ್ರಿಸುವ ಡಬ್ಬಿಯೊಂದರಿಂದ, ಈ ಕೆಂಪು ತಂತಿಯ ಮೂಲಕ. ದೊಡ್ಡ ಚಕ್ರ ಹಾಕಿ, ಅದಕ್ಕೆ ತಕ್ಕ ಬಲವಾದ ಸರ್ವೋ ಕೂರಿಸಿದರೆ ಆ ವಿದ್ಯುತ್ತು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸರ್ವೋ ಒಂದೇ ಗುಟುಕಿಗೆ ಎಲ್ಲವನ್ನೂ ಎಳೆದುಕೊಂಡಾಗ ರಿಸೀವರಿಗೆ ಕಣ್ಣು ಕತ್ತಲೆ ಬರುತ್ತದೆ, ಓಡುತ್ತಿರುವ ಟ್ರಕ್ಕು ಕಿವುಡಾಗುತ್ತದೆ. ಅದಕ್ಕೇ ಅಕ್ಕ ಬ್ಯಾಟರಿಯಿಂದ ನೇರ ತಂತಿಯೆಳೆದು ಹೊರಗೆ ವಿದ್ಯುತ್ತನ್ನು ಹದದಲ್ಲಿಡುವ ಬೇರೊಂದು ವೋಲ್ಟೇಜ್ ರೆಗ್ಯುಲೇಟರ್ ಕೂರಿಸುತ್ತಾರೆ. ಹೊಸ ದಾರಿ ತೆರೆದ ಮೇಲೆ ಹಳೆಯದನ್ನು ಮುಚ್ಚಲೇಬೇಕು. ಮುಚ್ಚದಿದ್ದರೆ ಎರಡೂ ಒಂದರ ಮೇಲೊಂದು ಏರಿ ಸುಟ್ಟುಹೋಗುತ್ತವೆ.

"ಒಂದೇ ಒಲೆಗೆ ಇಬ್ಬರು ಸೊಸೆಯರು ಸೌದೆ ತುರುಕಿದ ಹಾಗೆ," ಎಂದು ಒಳಕೋಣೆಯಿಂದ ಅತ್ತೆಯ ದನಿ ಬರುತ್ತದೆ. "ನನಗೆ ದೇವರು ಒಬ್ಬಳನ್ನೇ ಕೊಟ್ಟ. ಮನೆ ಉಳೀತು."

ಬೆಸುಗೆ ಹಾಕಲು ಕಲಿಸಿದವರು ಈ ಅತ್ತೆಯೇ. ಯಜಮಾನರ ರೇಡಿಯೊ ಅಂಗಡಿಗೆ ತಂತಿಯ ಸುರುಳಿ ಸುತ್ತಿಕೊಡುತ್ತಿದ್ದವರಿಗೆ ಈಗ ಕಣ್ಣು ಮಂಜು. ಅಂಗಡಿ ಮುಚ್ಚಿತು, ಮಾವ ಹೋದರು, ಆಮೇಲೆ ಅಕ್ಕನ ಗಂಡನೂ ತೀರಿಕೊಂಡರು. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡು ಕೂತಿದ್ದ ದಿನಗಳಲ್ಲಿ ಅಣ್ಣ ಒಂದು ಕೆಟ್ಟ ಟ್ರಕ್ಕು ತಂದು ಮೇಜಿನ ಮೇಲಿಟ್ಟರು. ಇಂದಿಗೂ ಮನೆ ನಿಂತಿರುವುದು ಆ ಮೈದಾನದ ಕೆಲಸದ ಮೇಲೆಯೇ.

"ಮೊದಲನೇ ಸಲ ವೋಲ್ಟು ಅಳೀದೆ ಚುಚ್ಚಿಬಿಟ್ಟೆ," ಎಂದು ಅಕ್ಕ ನೆನೆಯುತ್ತಾರೆ. "ಹೊಗೆ ಎದ್ದಿತು. ಅತ್ತೆ ಒಳಗಿಂದ, 'ಏನೇ ಸೀದುಹೋಯ್ತು? ಅನ್ನಾನಾ?' ಅಂದ್ರು. 'ಅನ್ನ ಅಲ್ಲ ಅತ್ತೆ, ಅಣ್ಣನ ಸರ್ವೋ' ಅಂದೆ."

ಅಂದಿನಿಂದ ಮೊದಲು ಮೀಟರು, ಆಮೇಲೆ ಪ್ಲಗ್ಗು. ರೆಗ್ಯುಲೇಟರಿನ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮೀಟರಿನ ಮುಳ್ಳು ಬೇಕಾದ ಅಂಕಿಗೆ ಬಂದಾಗ ನಿಲ್ಲಿಸುತ್ತಾರೆ. ಸರ್ವೋ ಜೋಡಿಸಿ, ಚಕ್ರವನ್ನು ಅಂಗೈಯಲ್ಲಿ ಬಿಗಿ ಹಿಡಿದು, ಅದು ತಿಣುಕಿದಾಗ ಮುಳ್ಳು ಕುಸಿಯುತ್ತದೆಯೇ ಎಂದು ನೋಡುತ್ತಾರೆ. ಬ್ಯಾಟರಿ ಸಿಕ್ಕಿಸುವ ಮುನ್ನ ತುಟಿ ಒಮ್ಮೆ ಅಲುಗುತ್ತದೆ. ದೇವರ ಹೆಸರು ಯಾರಿಗೂ ಕೇಳಿಸದು.

ಇಂದು ಆ ತುಟಿ ಒಣಗಿದೆ. ಬಾಗಿಲು ತಳ್ಳಿಕೊಂಡು ಅಣ್ಣ ಬರುತ್ತಾರೆ. ರಾತ್ರಿಯೆಲ್ಲ ಇಲ್ಲಿ ಚಾರ್ಜಿಗೆ ಹಾಕಿದ ಬ್ಯಾಟರಿಗಳನ್ನು ಬೆಳಿಗ್ಗೆ ಒಯ್ಯುವುದು ಅವರ ರೂಢಿ. ಬಗಲಲ್ಲಿ ಖಾಲಿ ಬುಟ್ಟಿ.

"ಅಣ್ಣ, ಈ ಕೆಂಪು ತಂತಿ..."

"ಹಾಂ, ನಾನೇ ಸಿಕ್ಕಿಸಿದೆ!" ಅಣ್ಣನ ಮುಖ ಅರಳುತ್ತದೆ. "ಪಿನ್ನು ಆಚೆ ಬಂದು ನೇತಾಡ್ತಾ ಇತ್ತು. ನೀನು ಟೇಪು ಬೇರೆ ಸುತ್ತಿದ್ದೆ. ಪಾಪ, ತಂಗಿ ಕೆಲಸದ ಗಡಿಬಿಡೀಲಿ ಮರೆತಿದಾಳೆ, ಇಷ್ಟಕ್ಕೆ ಅವಳಿಗೆ ಯಾಕೆ ತೊಂದರೆ ಅಂದ್ಕೊಂಡೆ."

"ನಿನ್ನೆ ರಾತ್ರಿ ತಂದಿಟ್ಟಾಗ ಸ್ಟೇರಿಂಗ್ ಹಿಡೀತಿದೆ ಅಂದೆಯಲ್ಲ. ಏನಾಯ್ತು ನಿಜವಾಗಿ?"

ಅಣ್ಣ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾ ಹೇಳುತ್ತಾರೆ. ಟ್ರಕ್ಕು ತಿರುವಿನಲ್ಲಿ ಹೊರಳಲಿಲ್ಲ, ನಿಲ್ಲಿಸಿದರೆ ನಿಲ್ಲಲೂ ಇಲ್ಲ. ಹಗ್ಗದ ಬೇಲಿಯಡಿ ನುಸುಳಿ ನೋಡುವವರ ಕುರ್ಚಿಯೊಂದಕ್ಕೆ ಗುದ್ದಿತು. ಕುರ್ಚಿಯ ಕಾಲು ಮುರಿಯಿತು. ಅದರಲ್ಲಿ ಕೂತಿದ್ದ ತಾಯಿ ಹಸುಗೂಸಿಗೆ ನೀರು ಕುಡಿಸಲೆಂದು ಆಗಷ್ಟೇ ಎದ್ದು ಹೋಗಿದ್ದರು.

"ಅಯ್ಯೋ ದೇವರೇ," ಎನ್ನುತ್ತಾರೆ ಅತ್ತೆ. ಬಾಗಿಲ ಚೌಕಟ್ಟು ತಡಕಿಕೊಂಡು ಅವರು ಹೊರಗೆ ಬಂದು ನಿಂತಿದ್ದಾರೆ.

ಅಕ್ಕ ಮೇಜಿನ ಕಡೆ ಬಾಗುತ್ತಾರೆ. ಟ್ರಕ್ಕಿನ ಒಳಗಿನ ವೇಗ ನಿಯಂತ್ರಿಸುವ ಡಬ್ಬಿಯನ್ನು ಮುಟ್ಟುತ್ತಾರೆ. ಅದರ ಒಂದು ಮೂಲೆ ಕಾವಿಗೆ ಉಬ್ಬಿ ಕಪ್ಪಾಗಿದೆ. ಒಂದು ಮಾತು ಕೇಳಲೇಬೇಕು. ಕೇಳಲು ಭಯ.

"ಇದೊಂದಕ್ಕೇ ತಾನೇ ಸಿಕ್ಕಿಸಿದ್ದು?"

"ಇಲ್ಲಮ್ಮ. ಎಲ್ಲಾ ಟ್ರಕ್ಕಲ್ಲೂ ಹಾಗೇ ನೇತಾಡ್ತಿತ್ತು. ನಿನ್ನೆ ಬೆಳಿಗ್ಗೆ ಕೂತಲ್ಲೇ ಎಲ್ಲಾ ಸರಿ ಮಾಡ್ದೆ."

ಅಕ್ಕ ಇಕ್ಕಳ ಕೆಳಗಿಟ್ಟು ಕುರ್ಚಿಯಲ್ಲಿ ಕೂರುತ್ತಾರೆ. ಅವರು ತಂತಿ ಕಿತ್ತದ್ದೇಕೆಂದು ಅಣ್ಣನಿಗೆ ಎಂದೂ ಹೇಳಿರಲಿಲ್ಲ, ಅಣ್ಣ ಎಂದೂ ಕೇಳಿರಲಿಲ್ಲ. ಈಗ ಹೇಳುತ್ತಾರೆ. ಅಣ್ಣನ ಮುಖದ ಬಣ್ಣ ಇಳಿಯುತ್ತದೆ. ಆದರೂ ಕಣ್ಣು ಗೋಡೆಯ ಗಡಿಯಾರದ ಕಡೆಗೆ ಹೋಗುತ್ತದೆ.

"ಸರಿ, ಈಗಲೇ ಬಂದು ಎಲ್ಲಾದರದ್ದೂ ಕಿತ್ತುಬಿಡು. ಆಯ್ತಲ್ಲ?"

"ಕಿತ್ತರೆ ಸಾಲದು ಅಣ್ಣ. ಒಳಗೆ ಯಾವುದು ಎಷ್ಟು ಬೆಂದಿದೆಯೋ ಬಿಚ್ಚಿ ನೋಡಬೇಕು. ಮೇಲ್ನೋಟಕ್ಕೆ ಚೆನ್ನಾಗಿ ಓಡೋದೇ ನಡುವೆ ಕೈಕೊಡುತ್ತೆ."

"ಶಾಲೆ ಮಕ್ಕಳು ಬಸ್ಸು ತುಂಬಾ ಬರ್ತಿದಾರೆ ಕಣೇ! ಮೆಲ್ಲಗೆ ಓಡಿಸಿ ಅಂತ ನಾನೇ ನಿಂತು ಹೇಳ್ತೀನಿ. ಇವತ್ತೊಂದು ದಿನ. ಬ್ಯಾಟರಿ ಕೊಡು."

ಅಕ್ಕ ಎದ್ದು ಚಾರ್ಜಿನ ಹಲಗೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.

"ನಿನಗೆ ಯಾರೂ ಇಲ್ಲದಾಗ ಈ ಕೆಲಸ ಕೊಟ್ಟೋನು ನಾನು," ಅಣ್ಣನ ದನಿ ಒರಟಾಗುತ್ತದೆ. "ನಾಳೆಯಿಂದ ಬೇರೆಯವರ ಹತ್ರ ಹೋಗ್ತೀನಿ, ಗೊತ್ತಾ?"

"ಗೊತ್ತು."

"ಅಮ್ಮಾ, ನೀವಾದ್ರೂ ಸೊಸೆಗೆ ಒಂದು ಮಾತು ಹೇಳಿ."

ಅತ್ತೆ ಸೊಸೆಯ ದನಿ ಬಂದ ಕಡೆಗೆ ಮುಖ ತಿರುಗಿಸುತ್ತಾರೆ.

"ಬಸ್ಸಿನವರಿಗೆ ಇವತ್ತು ಟ್ರಕ್ಕು ಓಡಲ್ಲ ಅಂತ ನೀನು ಹೇಳದೇ ಇದ್ರೆ ನಾನೇ ಬಂದು ಹೇಳ್ತೀನಿ ಅಣ್ಣ," ಎನ್ನುತ್ತಾರೆ ಅಕ್ಕ. ಕಾಲು ಕದಲುತ್ತಿಲ್ಲ. "ಬ್ಯಾಟರಿ ಕೊಡಲ್ಲ."