ಕೂರಿಸಿ ನೋಡುವ ನಿಯಮ

ನನ್ನ ತಮ್ಮನ ಹೆಂಡತಿ ಲೂಪೆ ಬಾಯಿಲ್ಲದವಳು ಅಂತ ನಮ್ಮ ಚರ್ಚಿನವರೆಲ್ಲ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ, ಅದೂ ಹೊಗಳಿಕೆಯಾಗಿ. ಸೊಸೆಯಾಗಿ ಬಂದವಳಿಗೆ ಬಾಯಿ ಯಾಕೆ ಬೇಕು ಹೇಳಿ? ಇಪ್ಪತ್ತೆರಡನೇ ವಯಸ್ಸಿಗೆ ಟೊಂಗಾದ ವವಾವು ದ್ವೀಪದಿಂದ ಸಿಡ್ನಿಯ ಈ ಮೌಂಟ್ ಡ್ರುಯಿಟ್‌ಗೆ ಬಂದಳು. ಬಂದ ಮೂರನೇ ವಾರಕ್ಕೆ ಕೋಳಿ ಕಾರ್ಖಾನೆಗೆ ಸೇರಿದಳು. ಒಂಬತ್ತು ವರ್ಷ ಕೋಳಿಯ ತೊಡೆ ಒಂದು ಕಡೆ, ರೆಕ್ಕೆ ಒಂದು ಕಡೆ ಮಾಡಿ ಪೆಟ್ಟಿಗೆಗೆ ತುಂಬಿದಳು. ಅಲ್ಲಿನ ಥಂಡಿಗೆ ಬೆಳಿಗ್ಗೆ ಎದ್ದರೆ ಅವಳ ಬೆರಳು ಮಡಚುತ್ತಿರಲಿಲ್ಲ. ಬಿಸಿನೀರಲ್ಲಿ ಕೈ ಅದ್ದಿ ಕೂತಿರುತ್ತಿದ್ದಳು. 'ಏನಾಯ್ತೇ?' ಅಂದರೆ 'ಏನಿಲ್ಲ ಅಕ್ಕ' ಅನ್ನುತ್ತಿದ್ದಳು. ಅವಳ ಬಾಯಲ್ಲಿ ನಾನು ಹೆಚ್ಚು ಕೇಳಿದ ಮಾತೆಂದರೆ ಇದೇ.

ನಮ್ಮ ಟೊಂಗಾದವರಲ್ಲಿ ಸೋದರತ್ತೆ ಅಂದರೆ ತಮಾಷೆಯಲ್ಲ. ತಮ್ಮನ ಮಕ್ಕಳಿಗೆ ಹೆಸರಿಡುವವಳು ನಾನು. ಮದುವೆಯಾಗಲಿ ಸಾವಾಗಲಿ, ಎತ್ತರದಲ್ಲಿ ಕೂರುವವಳು ನಾನು, ಹಿಂದಿನ ಶೆಡ್ಡಿನಲ್ಲಿ ಕೆಸುವಿನ ಗೆಡ್ಡೆ ಸುಲಿಯುವವಳು ತಮ್ಮನ ಹೆಂಡತಿ. ಕಾರಿನಲ್ಲಿ ಮುಂದಿನ ಸೀಟು ನನ್ನದು. ನಾನು ಕೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ತಮ್ಮ ಸೆಮಿಸಿ ಆರಡಿ ಮೀರಿದ ಆಳು, ಲಾರಿ ಓಡಿಸುತ್ತಾನೆ, ನಾಲ್ಕು ಜನರನ್ನು ಒಂದೇ ಕೈಯಲ್ಲಿ ತಳ್ಳಬಲ್ಲ. ಅಂಥವನು ನಾನಿರುವ ಕೋಣೆಗೆ ಕಾಲಿಡುವುದಿಲ್ಲ. ಅಕ್ಕನ ಎದುರು ತಮ್ಮ ತಲೆಯೆತ್ತಿ ಮಾತಾಡುವುದು ನಮ್ಮಲ್ಲಿಲ್ಲ. ಏನಾದರೂ ಹೇಳಬೇಕಿದ್ದರೆ ಲೂಪೆಯ ಕೈಲಿ ಹೇಳಿಸುತ್ತಿದ್ದ. ಅವಳೋ ಹೇಳುವವಳಲ್ಲ. ಇನ್ನು ನನಗೆ ಏನು ತಿಳಿಯಬೇಕು?

ನನಗೆ ಮಕ್ಕಳಿಲ್ಲ. ಗಂಡ ಸಣ್ಣ ವಯಸ್ಸಿಗೇ ಹೋದ. ಲೂಪೆಯ ಮೊದಲ ಮಗು ಮೆಲೆನೈತೆಗೆ ವರ್ಷ ತುಂಬಿದ ದಿನ ಚರ್ಚಿನ ಹಾಲಿನಲ್ಲಿ ಹಂದಿ ಸುಟ್ಟು ಮುನ್ನೂರು ಜನಕ್ಕೆ ಊಟ ಹಾಕಿದ್ದೆವು. ಮಗು ನನ್ನ ತೊಡೆಯ ಮೇಲಿತ್ತು. ಎಲ್ಲರೆದುರು ಕೇಳಿದೆ, 'ಇವಳನ್ನ ನಾನು ಸಾಕ್ತೀನಿ.' ಲೂಪೆ ನಕ್ಕಳು. 'ನಿಮ್ಮ ಮಗೂನೇ ಅಲ್ವಾ ಅಕ್ಕ, ಇಟ್ಕೊಳ್ಳಿ' ಅಂದಳು. ಜನ ಚಪ್ಪಾಳೆ ತಟ್ಟಿದರು. ನಾನು ಕದಿಯಲಿಲ್ಲ, ಕಿತ್ತುಕೊಳ್ಳಲಿಲ್ಲ. ಅಜ್ಜಿಯ ಅಜ್ಜಿಯ ಕಾಲದಿಂದ ನಡೆದುಬಂದದ್ದು ಇದು. ನನ್ನನ್ನೂ ಸೋದರತ್ತೆಯೇ ಸಾಕಿದ್ದು. ನಾನೇನು ಕೆಟ್ಟುಹೋದೆನೆ?

ಲೂಪೆ, ಸೆಮಿಸಿ ಇಬ್ಬರೂ ನಮ್ಮದೇ ಹಿತ್ತಿಲಿನ ಸಣ್ಣ ಮನೆಯಲ್ಲಿದ್ದರು. ಮೆಲೆನೈತೆಗೆ ಈಗ ಆರು ವರ್ಷ, ನನ್ನನ್ನು ಅಮ್ಮ ಅನ್ನುತ್ತಾಳೆ. ಹೆತ್ತವಳನ್ನು 'ಲೂಪೆ' ಅಂತ ಹೆಸರು ಹಿಡಿದು ಕೂಗುತ್ತಾಳೆ. ದಿನಾ ಬೆಳಿಗ್ಗೆ ಲೂಪೆ ನನ್ನ ಅಡುಗೆಮನೆ ಬಾಗಿಲ ಮೆಟ್ಟಿಲ ಮೇಲೆ ಕೂತು ಮಗುವಿಗೆ ಜಡೆ ಹಾಕುತ್ತಿದ್ದಳು. ಎರಡು ನಿಮಿಷದ ಜಡೆಗೆ ಇಪ್ಪತ್ತು ನಿಮಿಷ. 'ಬಸ್ ತಪ್ಪುತ್ತೆ, ಮುಗಿಸೇ' ಅಂತ ನಾನು ಒಳಗಿಂದ ಗದರುತ್ತಿದ್ದೆ. ಅವಳು ಅತ್ತದ್ದನ್ನು ನಾನು ಒಂದು ದಿನವೂ ನೋಡಿಲ್ಲ. ನೋಡಲು ಹೋಗಲಿಲ್ಲ ಅನ್ನಿ, ಅದೇ ಸರಿಯಾದ ಮಾತು.

ಈ ಆಗಸ್ಟಿನಲ್ಲಿ ಎರಡನೆಯದು ಹುಟ್ಟಿತು, ಗಂಡು, ಏಳು ವಾರ ಮುಂಚೆ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಂಗೈ ಅಗಲದ ಎದೆ, ಮೂಗಿಗೊಂದು ಕೊಳವೆ. ನಾನು ನನ್ನ ಅಪ್ಪನ ಹೆಸರಿಟ್ಟೆ, ಮಾಲಕಾಯ್. ಮನೆಗೆ ಬಂದು ಅಟ್ಟದಿಂದ ತೊಟ್ಟಿಲು ಇಳಿಸಿ ಒರೆಸಿದೆ. ಹಾಡಿನ ಗುಂಪಿನ ಇಬ್ಬರು ಹೆಂಗಸರ ಹತ್ತಿರ 'ಇವನನ್ನೂ ನಾನೇ ಸಾಕೋದು, ಮೆಲೆನೈತೆಗೆ ಜೊತೆಯಾಗುತ್ತೆ' ಅಂದುಬಿಟ್ಟೆ. ನಮ್ಮ ಚರ್ಚಿನಲ್ಲಿ ಇಬ್ಬರಿಗೆ ಹೇಳಿದರೆ ಡಂಗುರ ಹೊಡೆಸಿದ ಹಾಗೆ. ಲೂಪೆಯ ಕಿವಿಗೆ ಅದು ಸಂಜೆಯೊಳಗೆ ಬಿದ್ದಿರಬೇಕು. ಅವಳು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ.

ನಾನು ಕೆಲಸ ಮಾಡುವುದು ಮಕ್ಕಳ ಸಾಮಾನಿನ ಅಂಗಡಿಯಲ್ಲಿ. ಕಾರಿಗೆ ಮಕ್ಕಳ ಸೀಟು ಕಟ್ಟುವುದು ನನ್ನ ಕೆಲಸ, ಹನ್ನೊಂದು ವರ್ಷವಾಯಿತು. ನಮ್ಮಲ್ಲಿ ಕೊಳ್ಳುವ ಮೊದಲು ಕೂರಿಸಿ ನೋಡಬಹುದು. ನಿಮ್ಮ ಲೈಸೆನ್ಸು ಕೌಂಟರಿನಲ್ಲಿಡಬೇಕು, ನಾನು ನಿಮ್ಮ ಜೊತೆ ಕಾರಿನ ತನಕ ಬಂದು ಮಾದರಿ ಸೀಟು ಕಟ್ಟಿ ತೋರಿಸಬೇಕು, ಸರಿ ಹೊಂದಿದರೆ ಪುಸ್ತಕದಲ್ಲಿ ಸಹಿ ಹಾಕಬೇಕು. ಒಮ್ಮೆ ಕೊಂಡು ಒಯ್ದರೆ ವಾಪಸು ಇಲ್ಲ. ಹೊರಗೆ ಹೋದ ಸೀಟು ಯಾವ ಅಪಘಾತ ಕಂಡು ಬಂದಿದೆಯೋ ಯಾರಿಗೆ ಗೊತ್ತು? ಜನ ಜಗಳವಾಡುತ್ತಾರೆ, ನಾನು ಒಂದು ಎಳೆಯೂ ಸಡಿಲ ಬಿಡುವುದಿಲ್ಲ. ನಿಯಮದ ವಿಷಯದಲ್ಲಿ ನನ್ನಷ್ಟು ಹಟಮಾರಿ ಆ ಅಂಗಡಿಯಲ್ಲೇ ಇಲ್ಲ.

ಗುರುವಾರ ನನಗೆ ರಜೆ. ಆ ಗುರುವಾರ ಸೀಟು ಕಟ್ಟುವ ಇನ್ನೊಬ್ಬಳಿಗೆ ಜ್ವರ ಬಂತೆಂದು ಮ್ಯಾನೇಜರ್ ಬ್ರೋನ್ವಿನ್ ನನ್ನನ್ನು ಕರೆಸಿಕೊಂಡಳು. ಮಧ್ಯಾಹ್ನ ಒಳಗೆ ಪೆಟ್ಟಿಗೆ ಜೋಡಿಸುತ್ತಿದ್ದೆ.

'ಕಲೊಲೈನೆ, ಸೀಟ್ ನೋಡೋಕೆ ಒಬ್ರು ಬಂದಿದಾರೆ, ಸ್ವಲ್ಪ ಬಾ ಮಾರಾಯ್ತಿ. ನಿಮ್ಮ ಕಡೆಯೋರೇ. ನೆಂಟ್ರೇ ಇರ್ಬೇಕು, ನಿಂಗೆ ನೆಂಟರಲ್ಲದೋರು ಯಾರಿದಾರೆ ಈ ಊರಲ್ಲಿ!'

ಹೊರಗೆ ಬಂದು ನೋಡಿದರೆ ಲೂಪೆ. ನನ್ನನ್ನು ಕಂಡದ್ದೇ ಅವಳ ಮುಖದ ರಕ್ತ ಇಂಗಿಹೋಯಿತು. ಗುರುವಾರ ನಾನಿರುವುದಿಲ್ಲ ಅಂತಲೇ ಬಂದಿದ್ದಳು. ಓಡುವ ಹಾಗಿಲ್ಲ, ಅವಳ ಲೈಸೆನ್ಸು ಆಗಲೇ ಬ್ರೋನ್ವಿನ್ ಕೈಯಲ್ಲಿತ್ತು.

ಲೈಸೆನ್ಸಾ? ಇವಳಿಗೆ ಕಾರು ಓಡಿಸಲು ಯಾವಾಗ ಬಂತು? ಬ್ರೋನ್ವಿನ್ ಅದನ್ನು ನನ್ನ ಕೈಗಿಟ್ಟಳು. ಹೆಸರು, ವಿಳಾಸ ಬರೆದುಕೊಳ್ಳುವುದು ನನ್ನ ಕೆಲಸ. ಹೆಸರು ಬರೆದೆ. ವಿಳಾಸಕ್ಕೆ ಬಂದಾಗ ಪೆನ್ನು ನಿಂತಿತು. ನಮ್ಮ ಮನೆಯ ವಿಳಾಸವಲ್ಲ ಅದು. ಗ್ರಿಫಿತ್, ಆರು ಗಂಟೆಯ ದಾರಿ. ಲೂಪೆಯ ಅಕ್ಕ ಕಿತ್ತಳೆ ತೋಟದಲ್ಲಿ ಕೆಲಸ ಮಾಡಿಕೊಂಡಿರುವ ಊರು.

ಅಕ್ಷರ ಬಿಡದೆ ಬರೆದೆ. 'ನಡಿ' ಅಂದೆ.

ಸಣ್ಣ ನೀಲಿ ಕಾರು, ಹೊಸ ಚಾಲಕರ ಕೆಂಪು ಫಲಕ ಮುಂದೊಂದು ಹಿಂದೊಂದು. ಯಾವತ್ತೂ ನಾನು ನೋಡಿದ ಕಾರಲ್ಲ. ಹಿಂದಿನ ಸೀಟಿಗೆ ಬಗ್ಗಿ ಮಾದರಿ ಸೀಟು ಇಟ್ಟೆ. ಇಷ್ಟು ಎಳೆಯ ಮಗುವಿಗೆ ಸೀಟು ಹಿಂದಕ್ಕೆ ಮುಖ ಮಾಡಿ ಕೂರಬೇಕು, ಚೆನ್ನಾಗಿ ಒರಗಿರಬೇಕು, ಇಲ್ಲವಾದರೆ ಕತ್ತು ಮುಂದೆ ಬಾಗಿ ಉಸಿರು ಕಟ್ಟುತ್ತದೆ. ಅದು ಒರಗಬೇಕಾದರೆ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ದೂಡಬೇಕು. ನನ್ನಂಥ ದೊಡ್ಡ ಮೈಯವಳಂತೂ ಅಲ್ಲಿ ಕೂರುವ ಮಾತಿಲ್ಲ. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ.

'ಮುಂದೆ ಕೂರೋರು ಯಾರು?'

ಲೂಪೆ ನೆಲ ನೋಡಿದಳು. 'ಯಾರೂ ಇಲ್ಲ ಅಕ್ಕ.'

'ಡಿಕ್ಕಿ ತೆಗಿ.'

'ಡಿಕ್ಕಿ ಯಾಕಕ್ಕ?'

'ಮೇಲಿನ ಪಟ್ಟಿಯ ಕೊಕ್ಕೆ ಅಲ್ಲೇ ಹಾಕೋದು. ತೆಗಿ ಅಂದ್ರೆ ತೆಗಿ.'

ತೆಗೆದಳು. ಎರಡು ಪೆಟ್ಟಿಗೆ, ಸುತ್ತಿಟ್ಟ ಚಾಪೆಗಳು, ಅನ್ನದ ಪಾತ್ರೆ, ಸೆಮಿಸಿಯ ಕೆಲಸದ ಬೂಟು. ಆ ಬೂಟು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

'ಸೆಮಿಸಿಗೆ ಗೊತ್ತಾ?'

'ಕಾರು ತಂದುಕೊಟ್ಟದ್ದೇ ಅವರು. ಗ್ರಿಫಿತ್ತಲ್ಲಿ ಲಾರಿ ಕೆಲಸ ಸಿಕ್ಕಿದೆ. ಸೀಟ್ ಕಟ್ಟಿದ್ರೆ ನಾಳೆ ಮಗೂನ ಬಿಡ್ತೀವಿ ಅಂದಿದಾರೆ ಆಸ್ಪತ್ರೇಲಿ. ಅವರು ಓಡಿಸ್ತಾರೆ, ನಾನು ಹಿಂದೆ ಮಗು ಪಕ್ಕ. ಅಲ್ಲಿಂದ ಹಾಗೇ…'

'ಹಾಗೇ ಓಡಿಹೋಗೋದು. ಕಳ್ಳರ ಥರ. ನಂಗೊಂದು ಮಾತು ಹೇಳೋಕೆ ಏನಾಗಿತ್ತೇ ನಿಮಗೆ? ನಾನೇನು ರಾಕ್ಷಸೀನಾ? ನಿಮ್ಮನ್ನ ಹಿಡಿದು ತಿಂದ್ಬಿಡ್ತಿದ್ನಾ?'

'ಅಯ್ಯೋ, ಹಾಗನ್ಬೇಡಿ ಅಕ್ಕ.' ಕೈ ಮುಗಿಯುವ ಹಾಗೆ ತನ್ನ ಎರಡೂ ಕೈ ಜೋಡಿಸಿ ಹಿಡಿದಳು. ಬೆರಳು ಊದಿದ್ದವು. 'ಹೇಳಿದ್ರೆ ನೀವು ಮಗೂನ ಕೇಳ್ತಿದ್ರಿ. ಕೇಳಿದ್ಮೇಲೆ ಇಲ್ಲ ಅನ್ನೋದು ಹೇಗೆ? ಅವರ ಕೈಲೂ ಆಗಲ್ಲ, ನನ್ನ ಕೈಲೂ ಆಗಲ್ಲ. ಈಗ್ಲೂ ಅಷ್ಟೇ. ಕೇಳಿದ್ರೆ ಕೊಟ್ಬಿಡ್ತೀನಿ. ದಯವಿಟ್ಟು ಕೇಳ್ಬೇಡಿ ಅಕ್ಕ.'

ಒಂಬತ್ತು ವರ್ಷದಲ್ಲಿ ಅವಳು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ನನ್ನ ತಮ್ಮ, ನಾನು ಎತ್ತಿ ಆಡಿಸಿದವನು, ನನಗೆ ಇಲ್ಲ ಅನ್ನಲಾರದೆ ಊರು ಬಿಟ್ಟು ಹೋಗುತ್ತಿದ್ದಾನೆ! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. 'ಈ ಸೀಟು ಈ ಕಾರಿಗೆ ಹೊಂದಲ್ಲ' ಅಂತ ಒಂದು ಮಾತು ಸಾಕಿತ್ತು. ನಾನು ಸಹಿ ಹಾಕದೆ ಬ್ರೋನ್ವಿನ್ ಮಾರುವುದಿಲ್ಲ. ಸೀಟಿಲ್ಲದೆ ಆಸ್ಪತ್ರೆಯವರು ಮಗು ಕೊಡುವುದಿಲ್ಲ. ಅಥವಾ ಬಾಯಿಬಿಟ್ಟು ಕೇಳಿದರೂ ಆಯಿತು. ಪಾರ್ಕಿಂಗ್ ಜಾಗದಲ್ಲೇ ಕೊಟ್ಟುಬಿಡುತ್ತಿದ್ದಳು, ಆ ಹಾಳು ನಗು ನಕ್ಕು. ಅವಳು ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು, ಕಣ್ಣು ಮಿಟುಕಿಸದೆ. ಮನೆಯಲ್ಲಿ ಒರೆಸಿಟ್ಟ ತೊಟ್ಟಿಲು ನೆನಪಾಗುತ್ತಿತ್ತು ನನಗೆ. ಮಾತು ನಾಲಿಗೆಯ ತುದಿಯಲ್ಲಿತ್ತು, ಬಿಸಿತುಪ್ಪದ ಹಾಗೆ ನುಂಗಲೂ ಆಗದು ಉಗುಳಲೂ ಆಗದು.

ಹನ್ನೊಂದು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ಕೆಲಸ ಮಾಡಿತು. ಪೆಟ್ಟಿಗೆ ಸರಿಸಿ ಕೊಕ್ಕೆ ಹಾಕಿದೆ. ಸೀಟಿನ ಮೇಲೆ ಮೊಣಕಾಲೂರಿ, ಭಾರ ಬಿಟ್ಟು, ಪಟ್ಟಿ ಎಳೆದೆ. ಎರಡೂ ಕೈಲಿ ಹಿಡಿದು ಅಲುಗಾಡಿಸಿದೆ. ಒಂದು ಬೆರಳಿನಷ್ಟೂ ಜರುಗಲಿಲ್ಲ.

'ಸರಿಯಾಗಿ ಕೂರುತ್ತೆ' ಅಂದೆ. 'ಎರಡು ಗಂಟೆಗೊಮ್ಮೆ ನಿಲ್ಸಿ ಮಗೂನ ಎತ್ಕೋಬೇಕು. ಅಷ್ಟು ಸಣ್ಣ ಮಗು ಒಂದೇ ಸಮ ಕೂರಬಾರದು.'

ಲೂಪೆ ಅತ್ತಳು, ಸದ್ದಿಲ್ಲದೆ. ನಾನು ಮಾದರಿ ಸೀಟು ಬಿಚ್ಚಿಕೊಂಡು ಒಳಗೆ ನಡೆದೆ.

ಸಹಿ ಹಾಕಿದೆ. ಬ್ರೋನ್ವಿನ್ ಹೊಸ ಪೆಟ್ಟಿಗೆ ತಂದು ಕೌಂಟರಿನ ಮೇಲಿಟ್ಟಳು. ಅಷ್ಟರಲ್ಲಿ ಲೂಪೆ ಪಕ್ಕದ ಸಾಲಿಗೆ ಹೋಗಿ ನಿಂತಿದ್ದಳು, ದೊಡ್ಡ ಮಕ್ಕಳ ಸೀಟುಗಳ ಮುಂದೆ. ನಾಲ್ಕರಿಂದ ಎಂಟು ವರ್ಷದವರು ಕೂರುವ ಎತ್ತರದ ಸೀಟು. ಒಂದನ್ನು ಎತ್ತಿ ತಂದು ನನ್ನ ಮುಂದಿಟ್ಟಳು. ನನ್ನ ಮುಖ ನೋಡಲಿಲ್ಲ.

'ಅಕ್ಕ, ಇದನ್ನೂ ಒಂದ್ಸಲ ಕೂರಿಸಿ ನೋಡ್ಬೋದಾ?'

ಅವಳು ಮಗಳನ್ನು ಕೇಳುತ್ತಿದ್ದಳು. ನನಗೆ ಗೊತ್ತಾಯಿತು, ನನಗೆ ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ಮೆಲೆನೈತೆಯ ಹೆಸರು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

'ಇದನ್ನ ಮಗು ಇಲ್ದೆ ನೋಡೋ ಹಾಗಿಲ್ಲ' ಅಂದೆ. 'ಭುಜದ ಅಳತೆ ಬೇಕು. ಅಂಗಡಿ ನಿಯಮ.'

ನಿಯಮ ನಿಜವಾದದ್ದೇ. ನಾನು ಹುಟ್ಟಿಸಿದ್ದಲ್ಲ.

ಬ್ರೋನ್ವಿನ್‌ಗೆ ಇದೆಲ್ಲ ಏನು ಗೊತ್ತು ಪಾಪ. 'ಅದಕ್ಕೇನಂತೆ, ಕರ್ಕೊಂಡು ಬನ್ನಿ! ಸ್ಕೂಲ್ ಬಿಡೋ ಹೊತ್ತಾಯ್ತು. ನಾವು ಐದೂವರೆ ತನಕ ಇರ್ತೀವಿ' ಅಂದಳು ನಗುತ್ತಾ.

ಲೂಪೆ ಆಗ ತಲೆ ಎತ್ತಿ ನನ್ನನ್ನು ನೋಡಿದಳು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ನೇರ ನೋಡಿರಲಿಲ್ಲ. ನಾನು ಅವಳ ಲೈಸೆನ್ಸು ತೆಗೆದು ಕೌಂಟರಿನ ಮೇಲೆ ಸರಿಸಿದೆ.

'ಅವಳಿಗೆ ಇವತ್ತು ಚರ್ಚಲ್ಲಿ ಹಾಡಿನ ಪಾಠ ಇದೆ. ಬರೋಕಾಗಲ್ಲ.'

'ಹೌದಲ್ವಾ' ಅಂದಳು ಲೂಪೆ. 'ಮರ್ತೇಬಿಟ್ಟಿದ್ದೆ ಅಕ್ಕ.'

ಎತ್ತರದ ಸೀಟನ್ನು ತೆಗೆದ ಜಾಗದಲ್ಲೇ ಇಟ್ಟು ಬಂದಳು. ಲೈಸೆನ್ಸು ಚೀಲಕ್ಕೆ ಹಾಕಿದಳು, ಮಗನ ಸೀಟಿನ ಪೆಟ್ಟಿಗೆಯನ್ನು ಅಪ್ಪಿ ಹಿಡಿದು ಹೊರಗೆ ಹೋದಳು.

ಹಾಡಿನ ಪಾಠ ಇರುವುದು ಮಂಗಳವಾರ. ಲೂಪೆಗೆ ಅದು ಚೆನ್ನಾಗಿ ಗೊತ್ತು, ಐದನೇ ವರ್ಷದಿಂದ ಮಗುವನ್ನು ಕೈಹಿಡಿದು ಅಲ್ಲಿಗೆ ಬಿಟ್ಟುಬರುತ್ತಿದ್ದವಳು ಅವಳೇ.