ಒಂದು ಕಾಗದವೂ ಕಡಿಮೆಯಿಲ್ಲದ ಫೈಲು

ಬಹ್ರೈನಿನ ಸಿತ್ರಾದ ಆ ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿ ಮಂಗಳೂರಿನ ಮೌರಿಸ್ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಚೆಂಡನ್ನು ಒಮ್ಮೆಯೂ ಒದ್ದವನಲ್ಲ. ಒದೆಯುವವರ ಕಾಗದಪತ್ರ ನೋಡಿಕೊಳ್ಳುವುದು ಅವನ ಕೆಲಸ. ಪಾಸ್‌ಪೋರ್ಟ್, ಅಲ್ಲಿನ ಗುರುತಿನ ಚೀಟಿಯಾದ ಸಿಪಿಆರ್ ಕಾರ್ಡು, ಕರಾರು, ಡಾಕ್ಟರ ಚೀಟಿ, ಏನೇ ಕೈಗೆ ಬರಲಿ, ಮೊದಲು ಸ್ಕ್ಯಾನ್, ಆಮೇಲೆ ಮಾತು. ಅವನು ಕಟ್ಟಿದ ಫೈಲು ಇಂಥದ್ದು ಕಮ್ಮಿ ಎಂದು ಯಾವ ಕಚೇರಿಯಿಂದಲೂ ಹಿಂದಕ್ಕೆ ಬಂದದ್ದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಜಂಬ ಇರುತ್ತದೆ, ಅವನದು ಇದು. ಮದುವೆಯ ಆಲ್ಬಮ್ಮನ್ನಾದರೂ ಕಳೆದಾರು, ಯಾರದೋ ಹಳೆಯ ಎಕ್ಸ್‌ರೇ ಕಳೆಯಲಾರರು ಎಂದು ಹೆಂಡತಿ ಕಾರ್ಮಿನ್ ಆಡಿಕೊಳ್ಳುತ್ತಿದ್ದಳು.

ಆ ಫೈಲುಗಳಲ್ಲಿ ಎಲ್ಲಕ್ಕಿಂತ ದಪ್ಪದ್ದು ಅಲೋಶಿಯಸ್ ದೇರಿಯದು. ಘಾನಾದ ಉತ್ತರ ಮೂಲೆಯ ಜಿರಾಪಾದವನು, ಡಿಫೆಂಡರ್. ಮಂಗಳೂರಿನ ಕೊಂಕಣಿಯವರ ಬಾಯಲ್ಲಿ ಅಲೋಶಿಯಸ್ ಎಂದರೆ ಲುವಿಸ್. ಸನದ್‌ನಲ್ಲಿದ್ದ ಮೌರಿಸನ ಮನೆಗೆ ಮೊದಲ ಸಲ ಊಟಕ್ಕೆ ಬಂದ ದಿನವೇ ಕಾರ್ಮಿನ್ ಅವನನ್ನು ಲುವಿ ಮಾಡಿಬಿಟ್ಟಳು. ರಜೆಯ ದಿನವಾದ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಅವರೊಟ್ಟಿಗೇ ಮನೆಗೆ ಬಂದು, ಬಂಗುಡೆ ಸಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡು, ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದ.

ಅವನ ಆಟದ ಕತೆ ಹೇಳುವಷ್ಟೇನೂ ಇಲ್ಲ, ಅದೇ ದುಃಖ. ಯುರೋಪಿಗೆ ಎಂದು ಏಜೆಂಟನೊಬ್ಬ ಊರಿಂದ ಎಬ್ಬಿಸಿಕೊಂಡು ಹೋಗಿ ಟ್ಯುನೀಷಿಯಾದಲ್ಲಿ ಇಳಿಸಿದ. ಅಲ್ಲಿ ಎರಡು ವರ್ಷ ಬೆಂಚು ಕಾದ. ಆಮೇಲೆ ಕೋಲ್ಕತ್ತ, ಮಲಪ್ಪುರಂನ ಏಳೇಳು ಜನರ ಸೆವೆನ್ಸ್ ಪಂದ್ಯಗಳು, ಒಮಾನ್, ಕೊನೆಗೆ ಬಹ್ರೈನಿನ ಎರಡನೆಯ ಡಿವಿಷನ್. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಫುಟ್‌ಬಾಲ್ ಏಜೆಂಟರನ್ನು ಕಂಡೇ ಹುಟ್ಟಿರಬೇಕು. ಹದಿನಾಲ್ಕು ವರ್ಷದಲ್ಲಿ ಅವನ ಹೆಸರು ಪೇಪರಿನಲ್ಲಿ ಬಂದದ್ದು ಎರಡು ಸಲ, ಅದರಲ್ಲಿ ಒಂದು ಸೆಲ್ಫ್ ಗೋಲಿಗೆ.

ಈಗ ಅವನಿಗೆ ಬೇಕಾದದ್ದು ಇನ್ನೊಂದೇ ಸೀಸನ್. ಅದು ಮುಗಿದರೆ ಕ್ಲಬ್ಬಿನ ಮಕ್ಕಳ ತಂಡಕ್ಕೆ ಕೋಚ್ ಆಗಿ ಇಟ್ಟುಕೊಳ್ಳುವುದಾಗಿ ಮುದೀರ್, ಅಂದರೆ ಕ್ಲಬ್ಬಿನ ಮ್ಯಾನೇಜರ್, ಮಾತು ಕೊಟ್ಟಿದ್ದರು. ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ.

ಆಟಗಾರರ ಕಾಲು ತಿಕ್ಕುವ ಭುಜಂಗ ಒಂದು ದಿನ ಎಣ್ಣೆಗೈಯಲ್ಲೇ ಆಫೀಸಿಗೆ ಬಂದ. ಅವನು ಪಡುಬಿದ್ರಿಯವನು, ಕ್ರೈಸ್ತನಾದ ಮೌರಿಸನನ್ನು ತುಳುವರ ರೂಢಿಯಂತೆ ಪೊರ್ಬುಗಳೇ ಎಂದೇ ಕರೆಯುತ್ತಿದ್ದ.

"ಪೊರ್ಬುಗಳೇ, ಲುವಿಯ ಪಾಸ್‌ಪೋರ್ಟಿನಲ್ಲಿ ಎಷ್ಟು ಪ್ರಾಯ ಉಂಟು?"

"ಇಪ್ಪತ್ತೊಂಬತ್ತು. ಯಾಕೆ?"

"ಅವನ ಮೊಣಗಂಟು ಹಾಗೆ ಹೇಳುದಿಲ್ಲ ಮಾರಾಯ್ರೆ. ಅದಕ್ಕೆ ಮೂವತ್ತೈದಾದ್ರೂ ಆಗಿರ್ಬೇಕು."

"ಮೊಣಗಂಟು ಫೈಲಿಗೆ ಬರುದಿಲ್ಲ ಭುಜಂಗ," ಎಂದ ಮೌರಿಸ್. ಕೆಲವು ಸಂಗತಿ ತಿಳಿಯದಿದ್ದರೇ ಒಳ್ಳೆಯದೆಂದು ಅವನಿಗೂ ಗೊತ್ತಿತ್ತು. ಭುಜಂಗ ನಕ್ಕು ಕೈ ಒರೆಸಿಕೊಂಡು ಹೋದ.

ಮೇ ತಿಂಗಳಲ್ಲಿ ಮಗಳು ಜೆಸ್ಸಿಕಾಳ ಕೂಸಿಗೆ ಜ್ಞಾನಸ್ನಾನದ ಏರ್ಪಾಡು ಶುರುವಾಯಿತು. ಗಾಡ್‌ಫಾದರ್ ಆಗಿ ಲುವಿಯೇ ನಿಲ್ಲಲಿ ಎಂದಳು ಕಾರ್ಮಿನ್. ಕೇಳಿದ್ದೇ ಅವನು ಅಡುಗೆಮನೆಯಲ್ಲೇ ಅತ್ತುಬಿಟ್ಟ. ಆದರೆ ಗಾಡ್‌ಫಾದರ್ ಆಗುವವನೂ ಜ್ಞಾನಸ್ನಾನ ಪಡೆದವನೆಂಬುದಕ್ಕೆ ಅವನ ಊರಿನ ಇಗರ್ಜಿಯ ಸರ್ಟಿಫಿಕೇಟು ಬೇಕೆಂದರು ಪಾದ್ರಿ. ಅವನ ತಾಯಿ ಜಿರಾಪಾದ ಇಗರ್ಜಿಗೆ ಹೋಗಿ, ಹಳೆಯ ರಿಜಿಸ್ಟರಿನಿಂದ ಬರೆಸಿ, ಬಹ್ರೈನಿಗೆ ಬರುವವರ ಕೈಯಲ್ಲಿ ಕಳಿಸಿದಳು. ಲುವಿ ಅದನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಮೌರಿಸನ ಮೇಜಿನ ಮೇಲಿಟ್ಟ.

"ಅಂಕಲ್, ಇದು ಫಾದರ್‌ಗೆ. ಈ ಶುಕ್ರವಾರ ನನಗೆ ಪ್ರಾಕ್ಟೀಸ್ ಇದೆ, ನಿಮ್ಮ ಕೈಯಾರೆ ಕೊಡಿ."

ಲುವಿ ಪ್ರಾಕ್ಟೀಸಿಗೆ ಹೋದ ಮೇಲೆ ಮೌರಿಸ್ ಲಕೋಟೆ ಬಿಡಿಸಿದ. ಒರಿಜಿನಲ್ ಕಾಗದ ಕೈಯಿಂದ ಹೋಗುವ ಮೊದಲು ಕಾಪಿ ತೆಗೆಯದಿದ್ದರೆ ಅವನಿಗೆ ಅಂದು ಊಟ ಸೇರುವುದಿಲ್ಲ. ಮಂಗಳೂರಿನ ಕ್ರೈಸ್ತರು ಇಂಥ ಕಾಗದ ನೋಡುವ ರೀತಿಯಲ್ಲೇ ನೋಡಿದ: ತಂದೆಯ ಹೆಸರು, ತಾಯಿಯ ಹೆಸರು, ಯಾವ ಪಾದ್ರಿ, ಸೀಲು ಸರಿಯಾಗಿ ಬಿದ್ದಿದೆಯೇ. ಸೀಲು ಚೆನ್ನಾಗಿ ಬಿದ್ದಿತ್ತು. ಸ್ಕ್ಯಾನ್ ಮಾಡಿ ಲುವಿಯ ಫೈಲಿಗೆ ಸೇರಿಸಿ, ಕಾಗದವನ್ನು ಹೊಸ ಲಕೋಟೆಗೆ ಹಾಕಿ ಅಂಟಿಸಿದ. ಶುಕ್ರವಾರ ಪಾದ್ರಿಗೆ ತಲುಪಿಸಿದ.

ಜೂನಿನಲ್ಲಿ ಬಹ್ರೈನಿನ ಫುಟ್‌ಬಾಲ್ ಸಂಸ್ಥೆಯಲ್ಲಿ ಹೊಸ ಸೀಸನ್ನಿನ ನೋಂದಣಿ ಶುರುವಾಯಿತು. ಮುದೀರ್ ಲುವಿಯ ಹೆಸರಿಗೆ ಒಪ್ಪಿಗೆ ಹಾಕಿದರು. ಮೌರಿಸ್ ಫೈಲನ್ನು ಇದ್ದ ಹಾಗೇ ಪ್ರಿಂಟ್ ತೆಗೆದ, ನಲವತ್ತೊಂದು ಹಾಳೆ. ಕೊನೆಯದು ಜ್ಞಾನಸ್ನಾನದ ಸರ್ಟಿಫಿಕೇಟು. ಇದು ಆಟದವರಿಗೆ ಯಾಕೆ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಫೈಲಿನಲ್ಲಿದ್ದದ್ದನ್ನು ತೆಗೆಯುವುದು ಅವನ ಜಾಯಮಾನವಲ್ಲ. ಹೆಚ್ಚಾದರೆ ಯಾರಿಗೇನು ನಷ್ಟ? ಎಲ್ಲವನ್ನೂ ಪಿನ್ ಹೊಡೆದು ಕಳಿಸಿದ.

ಫೈಲು ಈ ಸಲವೂ ಹಿಂದೆ ಬರಲಿಲ್ಲ. ಮೂರು ವಾರಕ್ಕೆ ಸಂಸ್ಥೆಯಿಂದ ಒಂದು ಕಾಗದ ಬಂತು. ತಮಗೆ ದೊರೆತ ದಾಖಲೆಯ ಪ್ರಕಾರ ಈ ಆಟಗಾರ ಪಾಸ್‌ಪೋರ್ಟಿನಲ್ಲಿರುವುದಕ್ಕಿಂತ ಆರು ವರ್ಷ ಮೊದಲೇ ಹುಟ್ಟಿದ್ದಾನೆ. ಆದ್ದರಿಂದ ನಾಲ್ಕು ವರ್ಷ ನಿಷೇಧ, ಆಟವೂ ಇಲ್ಲ, ಕೋಚಿಂಗೂ ಇಲ್ಲ. ಮೌರಿಸ್ ಕಂಪ್ಯೂಟರ್ ತೆರೆದು ನಲವತ್ತೊಂದನೆಯ ಹಾಳೆ ನೋಡಿದ. ಹುಟ್ಟಿದ ದಿನ ಸೀಲಿನ ಪಕ್ಕದಲ್ಲೇ, ದುಂಡಗಿನ ಅಕ್ಷರದಲ್ಲಿತ್ತು.

ಮುದೀರ್ ಕೂಗಾಡಿ, ವೀಸಾ ರದ್ದು ಮಾಡಿಸಲು ಹೇಳಿ ಹೊರಟರು. ಲುವಿ ಬಂದು ಎದುರಿನ ಕುರ್ಚಿಯಲ್ಲಿ ಕೂತ.

"ಊರು ಬಿಟ್ಟಾಗ ನನಗೆ ಇಪ್ಪತ್ತೊಂದು, ಅಂಕಲ್. ಇಪ್ಪತ್ತೊಂದು ಅಂದ್ರೆ ಯಾರೂ ನೋಡೋದಿಲ್ಲ, ಹದಿನೈದು ಅನ್ನು ಅಂದ ಏಜೆಂಟ್. ಅಂದೆ."

ಮೌರಿಸ್ ಕಂಪ್ಯೂಟರಿನಲ್ಲಿ ತೆರೆದಿದ್ದ ಹಾಳೆಯನ್ನು ಮುಚ್ಚಿದ.

"ಫಾದರ್ ಯಾರಿಗೂ ಹೇಳೋರಲ್ಲ. ಭುಜಂಗನೇ ಹೇಳಿರ್ಬೇಕು. ಮೊದಲಿಂದ ನನ್ನ ಮೊಣಗಂಟು ಹಿಡಿದು ವಯಸ್ಸು ಕೇಳ್ತಿದ್ದ."

ಬಾಯಿ ಬಿಡಬೇಕಾದ ಹೊತ್ತು ಅದೇ ಆಗಿತ್ತು. ಅವನಲ್ಲ, ನಾನು ಎನ್ನಲು ಎರಡು ಮಾತು ಸಾಕು. ಇಪ್ಪತ್ತೆರಡು ವರ್ಷದಲ್ಲಿ ಒಂದು ಹಾಳೆಯನ್ನೂ ಬಚ್ಚಿಡದ ಮೌರಿಸ್ ಆ ಎರಡು ಮಾತನ್ನು ಬಚ್ಚಿಟ್ಟ.

ಜುಲೈ ಮೊದಲ ಶುಕ್ರವಾರ ಲುವಿ ಇಗರ್ಜಿಯಲ್ಲಿ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಮೋಂಬತ್ತಿ ಹಿಡಿದು ನಿಂತ. ಸೈತಾನನನ್ನೂ ಅವನ ಎಲ್ಲ ಕೆಲಸಗಳನ್ನೂ ತ್ಯಜಿಸುತ್ತೀರಾ ಎಂದು ಪಾದ್ರಿ ಕೇಳಿದಾಗ ಅವನ ಉತ್ತರ ಹಿಂದಿನ ಬೆಂಚಿನವರೆಗೂ ಕೇಳಿಸಿತು. ಎರಡನೆಯ ಸಾಲಿನಲ್ಲಿದ್ದ ಮೌರಿಸ್ ತುಟಿ ಅಲ್ಲಾಡಿಸಿದ್ದಷ್ಟೇ.

ಭಾನುವಾರ ಲುವಿ ಹೊರಟ. ಕ್ಲಬ್ಬಿನ ಗೇಟಿನಲ್ಲಿ ಭುಜಂಗ ಚಾಚಿದ ಕೈಯನ್ನು ಕಾಣದವನಂತೆ ದಾಟಿ ಬಂದು, ಮೌರಿಸನನ್ನು ಅಪ್ಪಿಕೊಂಡ.

"ಎಷ್ಟು ದೇಶ ಸುತ್ತಿದೆ ಅಂಕಲ್. ನನ್ನ ಕಾಗದಗಳನ್ನು ಜೋಪಾನವಾಗಿ ಇಟ್ಟವರು ನೀವೊಬ್ಬರೇ."

ವ್ಯಾನು ಹೋಯಿತು. ಭುಜಂಗ ಚಾಚಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ನಿಂತಿದ್ದ.

"ನಾನು ಯಾರತ್ರವೂ ಹೇಳ್ಲಿಲ್ಲ ಪೊರ್ಬುಗಳೇ. ಈಗ ಕ್ಲಬ್ಬಿನಲ್ಲಿ ಎಲ್ಲರೂ ನನ್ನನ್ನೇ ನೋಡ್ತಾರೆ. ನಿಮಗಾದ್ರೂ ನನ್ನ ಮೇಲೆ ನಂಬಿಕೆ ಉಂಟಲ್ಲ?"

"ಉಂಟು," ಎಂದ ಮೌರಿಸ್. ಒಳಗೆ ಹೋಗಿ ವೀಸಾ ರದ್ದಾದ ಕಾಗದವನ್ನು ಸ್ಕ್ಯಾನ್ ಮಾಡಿ, ನಲವತ್ತೆರಡನೆಯ ಹಾಳೆಯಾಗಿ ಸೇರಿಸಿದ.